ತಡೆಯುವ ಅಕ್ಷರ

ಶಿಡ್ಲಘಟ್ಟ
16 ಜೂನ್ 2024, ಭಾನುವಾರ

ತನುಜ,

ಬಸ್ಸು ಹತ್ತುವಾಗ ನೀನು ಹೇಳಿದ ಮಾತು ನೆನಪಿಟ್ಟುಕೊಂಡು ಬರೆಯುತ್ತಿದ್ದೇನೆ. "ಫೋನಲ್ಲಿ ನೀವು ನಾಕು ಮಾತಾಡೋದ್ರೊಳಗೆ ನನ್ನ ಡ್ಯೂಟಿ ಟೈಮ್ ಆಗೋಗುತ್ತೆ. ಏನಾದ್ರೂ ಹೇಳೋದಿದ್ರೆ ಕಾಗದ ಬರೀರಿ" ಅಂದೆ. ಬೇಸರಕ್ಕೆ ಅಂದೆಯೋ, ನಿಜವಾಗಿಯೇ ಅಂದೆಯೋ ಗೊತ್ತಾಗಲಿಲ್ಲ. ವಾಟ್ಸಾಪಿನಲ್ಲಿ ನಾನು ಕಳಿಸುವುದು ಹೆಬ್ಬೆರಳಿನ ಗುರುತು ಮಾತ್ರ ಎಂದು ನೀನೇ ನಗುತ್ತೀಯ. ಅದಕ್ಕೇ ಪೋಸ್ಟಾಫೀಸಿಗೆ ಹೋಗಿ ಹತ್ತು ಕವರು ತಂದಿಟ್ಟಿದ್ದೇನೆ.

ಮನೆ ಹೇಗಿತ್ತೋ ಹಾಗೇ ಇದೆ. ಹಿಂದಿನ ಬೀದಿಯಲ್ಲಿ ರೇಷ್ಮೆಗೂಡು ಬೇಯಿಸುವ ವಾಸನೆ ಬೆಳಿಗ್ಗೆ ಒಳಗೆ ಬರುತ್ತದೆ. ಆ ಕಿಟಕಿ ಮುಚ್ಚುತ್ತಿದ್ದವಳು ನೀನು. ಈಗ ನಾನು ಮರೆಯುತ್ತೇನೆ, ತನುಜ. ಅಡುಗೆ ಮಾಡಿಕೊಳ್ಳುತ್ತೇನೆ. ಮುದ್ದೆ ಮಾತ್ರ ಗಂಟಾಗುತ್ತದೆ.

ಸ್ಕೂಲು ಶುರುವಾಗಿದೆ. ಈ ವರ್ಷ ಹತ್ತನೇ ತರಗತಿಯಲ್ಲಿ ನಲವತ್ತೆರಡು ಮಕ್ಕಳು. ದಿಬ್ಬೂರಹಳ್ಳಿ ದಾಟಿದ ಮೇಲಿನ ರಸ್ತೆ ಇನ್ನೂ ಅಗೆದ ಹಾಗೇ ಇದೆ, ಬೈಕಿನಲ್ಲಿ ಹೋಗಿಬರುವಷ್ಟರಲ್ಲಿ ಸೊಂಟ ಹಿಡಿದುಹೋಗುತ್ತದೆ.

ವರ್ಗಾವಣೆಯ ಕೌನ್ಸೆಲಿಂಗಿನಲ್ಲಿ ಗೌರಿಬಿದನೂರು ಬಿಟ್ಟು ಬೇರೆ ಜಾಗವೇ ಇರಲಿಲ್ಲ ಎಂದೆಯಲ್ಲ, ಪಾಪ, ನೀನಾದರೂ ಏನು ಮಾಡಲು ಸಾಧ್ಯವಿತ್ತು ತನುಜ. ಅತ್ತೆ ಜೊತೆಗಿರುವುದು ಒಳ್ಳೆಯದಾಯಿತು. ಸುಜಿಗೆ ಹೊಸ ಸ್ಕೂಲು ಒಗ್ಗಿತೆ? ಮುಂದಿನ ಭಾನುವಾರ ಬರುತ್ತೇನೆ. ಏನಾದರೂ ತರಬೇಕಿದ್ದರೆ ಬರೆ, ತನುಜ.

ಮುನೇಶ್


ಗೌರಿಬಿದನೂರು
27 ಜೂನ್ 2024

ಮುನೇಶ್ ಅವರಿಗೆ,

ನಿಮ್ಮ ಕಾಗದವನ್ನು ವಾರ್ಡಿನ ಮೇಜಿನ ಹತ್ತಿರ ನಿಂತೇ ಓದಿದೆ. ಡ್ರಿಪ್ ಬದಲಾಯಿಸುವುದಿತ್ತು, ಆದರೂ ಮೊದಲು ಓದಿದೆ. ಹತ್ತು ವರ್ಷದಲ್ಲಿ ನೀವು ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದು ನನಗೆ ನೆನಪಿಲ್ಲ.

ಅದರಲ್ಲಿ ನನ್ನ ಹೆಸರು ನಾಲ್ಕು ಕಡೆ ಇದೆ. ಎಣಿಸಿದೆ. ಮನೆಯಲ್ಲಿ ನಾನು "ಇಲ್ನೋಡು", "ಏನಮ್ಮ", "ಸುಜಿ ಅಮ್ಮ". ನೆಂಟರ ಮುಂದೆ "ನಮ್ಮನೆಯವರು". ಬರೆಯುವಾಗ ಬರುವ ಹೆಸರು ಬಾಯಿಗೆ ಯಾಕೆ ಬರುವುದಿಲ್ಲ?

ಮೊನ್ನೆ ಭಾನುವಾರ ಬಂದಿರಿ. ಉಂಡಿರಿ, ಸುಜಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಟಿವಿ ನೋಡಿದಿರಿ, ಐದರ ಬಸ್ಸಿಗೆ ಹೋದಿರಿ. "ಸರಿ", "ಹೂಂ", "ಆಗ್ಲಿ". ಕಾಗದ ಬರೆದವರು ಇವರೇನಾ ಎಂದು ನೋಡುತ್ತಲೇ ಇದ್ದೆ.

ಬರೆಯಲು ಕೂತ ಮೇಲೆ ಒಂದು ಮಾತು ಬರೆದೇಬಿಡುತ್ತೇನೆ. ಚಿಂತಾಮಣಿಯಲ್ಲಿ ನಮ್ಮ ಮದುವೆ ಆಯಿತಲ್ಲ, ಪುರೋಹಿತರಿಲ್ಲ, ಬುದ್ಧನ ಪಟದ ಮುಂದೆ ಇಬ್ಬರೂ ನಿಂತು ಪ್ರತಿಜ್ಞೆ ಓದಬೇಕಿತ್ತು. ನಾನು ನಿಮ್ಮ ಹೆಸರು ಹೇಳಿ ನನ್ನದನ್ನು ಓದಿದೆ. ನಿಮ್ಮ ಸರದಿ ಬಂದಾಗ ಗಂಟಲು ಕಟ್ಟಿದೆ ಎಂದು ಸನ್ನೆ ಮಾಡಿದಿರಿ. ನಿಮ್ಮ ದೊಡ್ಡಪ್ಪ ಮುನಿಗಂಗಪ್ಪನವರು ನಿಮ್ಮ ಪರವಾಗಿ ಓದಿದರು. ಅರ್ಧ ಗಂಟೆಯಲ್ಲಿ ಊಟದ ಪಂಕ್ತಿಯಲ್ಲಿ ನೀವು ಗೆಳೆಯರ ಜೊತೆ ನಗುತ್ತಿದ್ದಿರಿ. ಗಂಟಲು ಚೆನ್ನಾಗಿಯೇ ಇತ್ತು. ಆವತ್ತು ನಾನೊಂದು ತೀರ್ಮಾನಕ್ಕೆ ಬಂದೆ. ಅದು ತಪ್ಪು ಎಂದು ನೀವು ಇಲ್ಲಿಯವರೆಗೆ ಒಂದು ಸಲವೂ ತೋರಿಸಿಕೊಟ್ಟಿಲ್ಲ.

ಸುಜಿ ಚೆನ್ನಾಗಿದ್ದಾಳೆ. ಏನೂ ತರುವುದು ಬೇಡ.

ತನುಜ


ಶಿಡ್ಲಘಟ್ಟ
12 ಜುಲೈ 2024

ತನುಜ,

ಕಾಗದ ಬಂದು ಒಂದು ವಾರವಾಯಿತು. ಪಾಠಯೋಜನೆ, ಹಾಜರಾತಿ ಎಂದು ಕೆಲಸ ಹೆಚ್ಚಿತ್ತು.

ನೀನು ಕೇಳಿದ್ದಕ್ಕೆ ಏನು ಬರೆಯುವುದೋ ತಿಳಿಯುತ್ತಿಲ್ಲ. ಮದುವೆಯ ದಿನ ನನಗೆ ಇಷ್ಟವಿರಲಿಲ್ಲ ಎಂದು ನೀನು ತಿಳಿದಿದ್ದರೆ ಅದು ಹಾಗಲ್ಲ. ಇಷ್ಟು ಮಾತ್ರ ಬರೆಯುತ್ತೇನೆ. ಉಳಿದದ್ದು ಹಳೆಯ ಕಥೆ, ಈಗ ಕೆದಕಿ ಏನಾಗಬೇಕು.

ಹೆಡ್‌ಮಾಸ್ಟರು ಈ ಸಲ ಸ್ವಾತಂತ್ರ್ಯ ದಿನಕ್ಕೆ ನಾನೇ ಭಾಷಣ ಮಾಡಬೇಕು ಎಂದರು. ಮೈ ಸರಿಯಿಲ್ಲ ಎಂದು ತಪ್ಪಿಸಿಕೊಂಡೆ. ಸುಜಿಯ ಫೋಟೋ ಕಳಿಸಿದ್ದೆಯಲ್ಲ, ಎರಡು ಜಡೆ ಹಾಕಿರುವುದು, ಅದನ್ನು ಬೀರುವಿಗೆ ಅಂಟಿಸಿದ್ದೇನೆ.

ಮುನೇಶ್


ಗೌರಿಬಿದನೂರು
4 ಆಗಸ್ಟ್ 2024, ಭಾನುವಾರ

ಮುನೇಶ್ ಅವರಿಗೆ,

ಇದನ್ನು ಫೋನಿನಲ್ಲಿ ಹೇಳಲು ಹೋದರೆ ಅತ್ತುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಸುಜಿಗೆ ಮಾತು ತಡೆಯುತ್ತಿದೆ. ಮೂರು ವಾರವಾಯಿತು. ಮೊದಲು ಆಟಕ್ಕೆ ಮಾಡುತ್ತಾಳೆ ಅಂದುಕೊಂಡೆ. "ಅ ಅ ಅ ಅಮ್ಮ" ಎಂದು ಶುರುಮಾಡುತ್ತಾಳೆ, ತುಟಿ ಬಿಗಿದುಕೊಳ್ಳುತ್ತದೆ, ಕಣ್ಣು ಅರಳಿಸಿ ನನ್ನನ್ನೇ ನೋಡುತ್ತಾಳೆ, ಯಾರೋ ಅವಳ ಬಾಯಿ ಮುಚ್ಚಿದ್ದಾರೆ, ನಾನು ಬಿಡಿಸಬೇಕು ಎನ್ನುವ ಹಾಗೆ. ಶುಕ್ರವಾರ ಅವಳ ಮಿಸ್ ನನ್ನನ್ನು ಕರೆಸಿ, "ಮನೇಲಿ ಏನಾದ್ರೂ ತೊಂದರೆ ಇದೆಯಾ ಮೇಡಂ?" ಎಂದು ಕೇಳಿದರು.

ನಮ್ಮಮ್ಮ ಒಂದೇ ಸಮ "ಬಿಡ್ಡ ಜಡುಸುಕುಂದಿ" ಎನ್ನುತ್ತಾಳೆ. ಮಗು ಬೆದರಿದೆಯಂತೆ. ಅಪ್ಪನನ್ನು ಬಿಡಿಸಿ ಊರು ಬದಲಾಯಿಸಿದರೆ ಬೆದರದೆ ಇನ್ನೇನು ಎಂದು ಒಳಗೊಂದು ಚುಚ್ಚು ಮಾತು. ದೃಷ್ಟಿ ತೆಗೆದಾಯಿತು. ಈಗ ಬಜೆ ಬೇರು ತೇಯ್ದು ನಾಲಿಗೆಗೆ ಹಚ್ಚಬೇಕು ಎಂದು ಹಟ ಹಿಡಿದಿದ್ದಾಳೆ. ಆಸ್ಪತ್ರೆಯ ಮಕ್ಕಳ ಡಾಕ್ಟರಿಗೆ ತೋರಿಸಿದೆ. "ನಿಮ್ಮ ಮನೇಲಿ, ನಿಮ್ಮ ಯಜಮಾನರ ಮನೇಲಿ ಯಾರಿಗಾದ್ರೂ ಹಿಂಗೆ ಇದೆಯಾ?" ಎಂದು ಕೇಳಿದರು. ಯಾರಿಗೂ ಇಲ್ಲ ಎಂದೆ. ಹಾಗಾದರೆ ಸ್ವಲ್ಪ ದಿನ ನೋಡೋಣ ಎಂದರು.

ನಿಮಗೊಂದು ವಿಷಯ ಮುಚ್ಚಿಟ್ಟಿದ್ದೆ. ಕೌನ್ಸೆಲಿಂಗಿನಲ್ಲಿ ಚಿಂತಾಮಣಿಯೂ ಇತ್ತು, ಚಿಕ್ಕಬಳ್ಳಾಪುರವೂ ಇತ್ತು. ಗೌರಿಬಿದನೂರನ್ನು ನಾನೇ ಆರಿಸಿಕೊಂಡೆ. ನಿಮ್ಮ ಮೌನದ ಜೊತೆ ಒಂದೇ ಮನೆಯಲ್ಲಿ ಇರುವುದಕ್ಕಿಂತ ದೂರವಿದ್ದರೆ ಕಾರಣವಾದರೂ ಇರುತ್ತದೆ ಅನ್ನಿಸಿತು. ನಾನು ಬೇಡವಾದವಳು ಎಂದು ದಿನಾ ನೆನಪಾಗುವುದಿಲ್ಲ ಅನ್ನಿಸಿತು. ಈಗ ನೋಡಿ, ಅದರ ಫಲ ಮಗುವಿನ ಬಾಯಲ್ಲಿ ಬಂದಿದೆ. ನಾನು ಮಾಡಿದ್ದಕ್ಕೆ ಅವಳು ಅನುಭವಿಸುತ್ತಿದ್ದಾಳೆ.

ವಾಪಸ್ಸು ಬಾ ಎಂದರೆ ಬರುತ್ತೇನೆ. ಉದ್ದನೆಯ ರಜೆ ಹಾಕಿಯಾದರೂ ಬರುತ್ತೇನೆ. ಬೇಗ ಬರೆಯಿರಿ.

ತನುಜ


ಗೌರಿಬಿದನೂರು
25 ಆಗಸ್ಟ್ 2024, ಭಾನುವಾರ

ಮುನೇಶ್ ಅವರಿಗೆ,

ಮೂರು ವಾರವಾಯಿತು, ನಿಮ್ಮಿಂದ ಒಂದು ಸಾಲಿಲ್ಲ. ಕಳೆದ ಭಾನುವಾರ ಬಂದಿರಿ. ಕಾಗದದ ಸುದ್ದಿ ಎತ್ತಲಿಲ್ಲ, ನಾನು ಎತ್ತಿದರೆ "ಆಮೇಲೆ ನೋಡಣ" ಎಂದಿರಿ.

ಸುಜಿ ನಿಮಗೆ ಬಸ್ಸಿನ ಚಿತ್ರ ತೋರಿಸಲು ಬಂದಳು. "ಬ ಬ ಬ" ಎಂದು ಸಿಕ್ಕಿಕೊಂಡಳು. ನೀವು ಎದ್ದು ಹೊರಗೆ ಹೋದಿರಿ. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದೆ. ಕಾಂಪೌಂಡಿನ ಹತ್ತಿರ ಬೆನ್ನು ತಿರುಗಿಸಿ ನಿಂತುಬಿಟ್ಟಿರಿ. ಮಗು ಚಿತ್ರ ಕೈಯಲ್ಲಿ ಹಿಡಿದು ಅಲ್ಲೇ ನಿಂತಿತ್ತು. ನೀವು ಹೋದ ಮೇಲೆ ನನ್ನ ಕೇಳಿದಳು: "ಅಪ್ಪಂಗೆ ನನ್ ಮೇಲೆ ಕೋಪಾನಾ?"

ನನ್ನ ಮೇಲೆ ನಿಮಗೆ ಪ್ರೀತಿ ಇಲ್ಲದಿದ್ದರೆ ಹೋಗಲಿ, ಅದಕ್ಕೆ ಒಗ್ಗಿದ್ದೇನೆ. ಆದರೆ ಅವಳ ಮುಂದಿನಿಂದ ಎದ್ದು ಹೋಗುವುದಾದರೆ ಇನ್ನು ಬರಬೇಡಿ.

ತನುಜ


ಶಿಡ್ಲಘಟ್ಟ
28 ಆಗಸ್ಟ್ 2024

ತನುಜ,

ಈ ಕಾಗದವನ್ನು ನಾಲ್ಕು ಸಲ ಹರಿದಿದ್ದೇನೆ. ಈ ಸಲ ಹರಿಯುವುದಿಲ್ಲ.

ಸುಜಿಗೆ ಬಂದಿರುವುದು ನೀನು ಊರು ಬದಲಾಯಿಸಿದ್ದರಿಂದ ಅಲ್ಲ. ಅವಳು ಬೆದರಿಲ್ಲ, ದೃಷ್ಟಿಯೂ ತಾಗಿಲ್ಲ. ಅವಳಿಗೆ ಅದು ಬಂದಿರುವುದು ನನ್ನಿಂದ. ನನಗೆ ತೊದಲು ಇದೆ. ನಾಲ್ಕು ವರ್ಷದವನಿದ್ದಾಗಿನಿಂದ ಇದೆ, ಈಗಲೂ ಇದೆ. ಡಾಕ್ಟರು ಕೇಳಿದ ಪ್ರಶ್ನೆಗೆ ಉತ್ತರ ನಾನು. ನೀನು ಗೊತ್ತಿಲ್ಲದೆ ಸುಳ್ಳು ಹೇಳಿದೆ, ನಾನು ಗೊತ್ತಿದ್ದೂ ಮೂರು ವಾರ ಸುಮ್ಮನಿದ್ದೆ.

ನೀನು ನಂಬಲಾರೆ. ಹತ್ತು ವರ್ಷ ಜೊತೆಗಿದ್ದು ಒಂದು ಸಲವೂ ಕೇಳಿಲ್ಲವಲ್ಲ ಎನ್ನುತ್ತೀಯ. ಕೇಳಿಸದ ಹಾಗೆ ನೋಡಿಕೊಳ್ಳುವುದೇ ನನ್ನ ದಿನದ ಕೆಲಸ. ನನಗೆ ತಡೆಯುವ ಅಕ್ಷರ "ತ". ಆಮೇಲೆ ಟ, ಸ್ವಲ್ಪ ಮಟ್ಟಿಗೆ ದ. ಸ, ಮ, ನ ಸಲೀಸು. ಬಾಯಿ ತೆಗೆಯುವ ಮುಂಚೆ ಇಡೀ ವಾಕ್ಯವನ್ನು ತಲೆಯಲ್ಲಿ ಓಡಿಸಿ, ಎಲ್ಲಿ "ತ" ಇದೆಯೋ ಅಲ್ಲಿ ಬೇರೆ ಪದ ಇಡುತ್ತೇನೆ. ನಮ್ಮ ಮನೆಯಲ್ಲಿ ನಾನೊಬ್ಬನೇ "ನಾಷ್ಟಾ" ಎನ್ನುವುದು, ತಿಂಡಿ ಎನ್ನಲು ಆಗುವುದಿಲ್ಲ ಎಂದು. ತಟ್ಟೆ ನನಗೆ ಪ್ಲೇಟು. ಅಂಗಡಿಯಲ್ಲಿ ತೊಗರಿಬೇಳೆಗೆ ಬೆರಳು ತೋರಿಸುತ್ತೇನೆ. ಒಂದು ಸಲ ತಲೆ ಸಿಡಿದುಹೋಗುತ್ತಿತ್ತು, "ಮೈ ಸರಿಯಿಲ್ಲ" ಎಂದೆ, ನೀನು ಜ್ವರದ ಮಾತ್ರೆ ಕೊಟ್ಟೆ. ನುಂಗಿದೆ. ಜಗಳವಾದಾಗ "ಸಾರಿ" ಎನ್ನುತ್ತೇನೆ, "ಬಸ್ಸಲ್ಲಿ ಕಾಲು ತುಳಿದೋರ ಥರ ಸಾರಿ ಅಂತೀರ" ಎಂದು ನೀನು ಬೈಯುತ್ತೀಯ. "ತಪ್ಪಾಯ್ತು" ಎನ್ನಲು ನಾನು ಎಷ್ಟು ಸಲ ಬಾಯಿ ತೆರೆದು ಮುಚ್ಚಿದ್ದೇನೋ ನಿನಗೆ ಗೊತ್ತಿಲ್ಲ. ತರಗತಿಯಲ್ಲಿ ಮಕ್ಕಳನ್ನು ನಂಬರಿನಿಂದ ಕರೆಯುತ್ತೇನೆ. ಗಣಿತ ಆರಿಸಿಕೊಂಡದ್ದೇ ಬೋರ್ಡು ಮಾತಾಡುತ್ತದೆ ಎಂದು.

ಮಗು ಹುಟ್ಟಿದಾಗ ನೀನು ತೇಜಸ್ವಿನಿ ಎಂದು ಹೆಸರಿಡಬೇಕು ಎಂದೆ. ನಾನು ಕಾರಣ ಕೊಡದೆ ಬೇಡ ಎಂದೆ, ಸುಜಾತ ಎಂದೆ. ನೀನು ಅತ್ತುಬಿಟ್ಟೆ. ಸ್ವಂತ ಮಗಳ ಹೆಸರನ್ನಾದರೂ ಬಾಯಿ ತುಂಬ ಕರೆಯಬೇಕು ಎಂಬ ಆಸೆ ನನಗೆ.

ನಿನ್ನ ಹೆಸರು ಮೊದಲ ಸಲ ಕೇಳಿದಾಗ ನನಗೆ ಭಯವಾಯಿತು. ನಿನ್ನನ್ನು ನೋಡಿದ ಮೇಲೆ ಆ ಭಯಕ್ಕೆ ಹೆದರಿ ನಿನ್ನನ್ನು ಬಿಡಲು ಮನಸ್ಸಾಗಲಿಲ್ಲ. ಮದುವೆಗೆ ಮುಂಚಿನ ತಿಂಗಳೆಲ್ಲ ಹೊಲದ ಬದುವಿನಲ್ಲಿ ನಡೆಯುತ್ತ ಆ ಪ್ರತಿಜ್ಞೆಯನ್ನು ಹೇಳಿಕೊಂಡೆ. ಒಬ್ಬನೇ ಇದ್ದಾಗ ಸರಾಗ ಬರುತ್ತಿತ್ತು. ಪಟದ ಮುಂದೆ ನಿಂತು ಮುನ್ನೂರು ಜನರನ್ನು ನೋಡಿದಾಗ, ಈ ಅಕ್ಷರ ಬರುವುದಿಲ್ಲ ಎಂದು ಗೊತ್ತಾಯಿತು. ಗಂಟಲು ಮುಟ್ಟಿಕೊಂಡೆ. ಊಟದ ಹೊತ್ತಿಗೆ ನಗುತ್ತಿದ್ದದ್ದು ನಿಜ. ಸಿಕ್ಕಿಬೀಳದೆ ಪಾರಾದ ಕಳ್ಳನ ನಗು ಅದು.

ಚಿಕ್ಕಂದಿನಲ್ಲಿ ಬೀದಿಯ ಹುಡುಗರು ನನ್ನನ್ನು ತೊದಲಮುನಿ ಎನ್ನುತ್ತಿದ್ದರು. ಅವ್ವ ಬಜೆ ಬೇರು ತೇಯ್ದು ಹಚ್ಚಿ ಹಚ್ಚಿ ನಾಲಿಗೆ ಉರಿದುಹೋಗಿತ್ತು. ಅತ್ತೆಗೆ ದಯವಿಟ್ಟು ಹೇಳು, ಬೇಡ. ಅಪ್ಪ ಹೊಡೆಯುತ್ತಿರಲಿಲ್ಲ. ಮನೆಗೆ ಯಾರಾದರೂ ಬಂದರೆ ಮೆಲ್ಲಗೆ "ನೀನು ಒಳಕ್ಕೋಗಪ್ಪ" ಎನ್ನುತ್ತಿದ್ದರು. ಅಷ್ಟೇ. ನಾನು ಎದ್ದು ಒಳಗೆ ಹೋಗುತ್ತಿದ್ದೆ.

ಮೊನ್ನೆ ಸುಜಿ "ಬ ಬ" ಎಂದಾಗ ನಾನು ಎದ್ದು ಹೋದದ್ದು ಕೋಪಕ್ಕಲ್ಲ. ಅವಳ ತುಟಿ ಬಿಗಿದದ್ದು ನೋಡಿ ನನ್ನ ದವಡೆಯೂ ಬಿಗಿಯಿತು. ನಾನು ಅವಳಿಗೆ ಕೊಟ್ಟದ್ದನ್ನು ನೋಡಲಾಗಲಿಲ್ಲ. ಅವಳನ್ನು ಒಳಗೆ ಕಳಿಸುವ ಬದಲು ನಾನೇ ಹೊರಗೆ ಹೋದೆ. ಎರಡೂ ಒಂದೇ ಎಂದು ನಿನ್ನ ಕಾಗದ ಓದಿದ ಮೇಲೆ ಗೊತ್ತಾಯಿತು.

ನೀನು ಬೇಡವಾದವಳಲ್ಲ. ಯಾವತ್ತೂ ಅಲ್ಲ. ತಪ್ಪಾಯ್ತು ತನುಜ.

ಮುನೇಶ್


ಗೌರಿಬಿದನೂರು
5 ಸೆಪ್ಟೆಂಬರ್ 2024

ಮುನೇಶ್,

ಕಾಗದ ಓದಿ ಆಸ್ಪತ್ರೆಯ ಹಿಂದೆ, ಬಟ್ಟೆ ಒಣಹಾಕುವ ಕಡೆ ಹೋಗಿ ಕೂತೆ. ಮೊದಲು ಅಳು ಬಂತು. ಆಮೇಲೆ "ನಾಷ್ಟಾ" ನೆನಪಾಗಿ ನಗು ಬಂತು. ನೀವು ಓದಿದವರು, ಪ್ಯಾಟೆಯವರ ಹಾಗೆ ಮಾತಾಡಬೇಕು ಎಂದು ಹಾಗನ್ನುತ್ತೀರಿ ಅಂದುಕೊಂಡು ಎಷ್ಟು ಸಲ ಮನಸ್ಸಿನಲ್ಲೇ ಆಡಿಕೊಂಡಿದ್ದೇನೆ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಒಂದು ತಿಂಗಳಿಂದ ನನ್ನ ಎದೆಯ ಮೇಲೆ ಒಂದು ಬೀಸೋಕಲ್ಲು ಕೂತಿತ್ತು. ಮಗುವಿನ ಬಾಯಿ ಕಟ್ಟಿದವಳು ನಾನು ಎಂದು. ಅದು ಇಳಿಯಿತು. ಡಾಕ್ಟರ ಹತ್ತಿರ ಮತ್ತೆ ಹೋಗಿ, "ಅವಳ ತಂದೆಗೆ ಇದೆ ಸಾರ್" ಎಂದೆ. "ಹಂಗಾದ್ರೆ ನಿಮ್ಮ ತಪ್ಪೂ ಅಲ್ಲ, ಅವರ ತಪ್ಪೂ ಅಲ್ಲ. ಕಣ್ಣಿನ ಬಣ್ಣ ಬಂದಂಗೆ ಬರುತ್ತೆ" ಎಂದರು. ಚಿಕ್ಕಬಳ್ಳಾಪುರದಲ್ಲಿ ಮಾತಿನ ತರಬೇತಿ ಕೊಡುವವರೊಬ್ಬರ ವಿಳಾಸ ಕೊಟ್ಟಿದ್ದಾರೆ. ಡಾಕ್ಟರು ಹೇಳಿದ ಮಾತು ನಿಮಗೂ ಸೇರಿದ್ದು, ಇನ್ನೊಂದು ಸಲ ಓದಿಕೊಳ್ಳಿ.

ಇನ್ನು ಕೋಪ. ಹತ್ತು ವರ್ಷ, ಮುನೇಶ್. ದಿನಾ ಜನರ ಮಲ ಮೂತ್ರ ರಕ್ತ ನೋಡುವವಳು ನಾನು. ನಿಮ್ಮ ಒಂದು ಅಕ್ಷರ ನನಗೆ ಹೆಚ್ಚಾಗುತ್ತಿತ್ತೆ? ನನ್ನನ್ನು ಅಷ್ಟು ಸಣ್ಣವಳು ಅಂದುಕೊಂಡಿರಲ್ಲ, ಅದು ನೋವಾಗುತ್ತದೆ. ಈ ಕೋಪ ಇಷ್ಟು ಬೇಗ ಹೋಗುವುದಿಲ್ಲ, ಹೋಯಿತು ಎಂದು ಸುಳ್ಳು ಬರೆಯುವುದೂ ಇಲ್ಲ.

ಆದರೆ ನನ್ನ ಕಡೆಯದೂ ಒಂದಿದೆ. ಹತ್ತು ವರ್ಷದಲ್ಲಿ ನಾನೂ ಒಂದು ಸಲ ನೇರವಾಗಿ ಕೇಳಲಿಲ್ಲ. ಬೇಡವಾದವಳು ಎಂದು ನಾನೇ ತೀರ್ಮಾನ ಮಾಡಿ, ನಾನೇ ನೊಂದುಕೊಂಡು, ಕೊನೆಗೆ ಅದನ್ನೇ ಕಾರಣ ಮಾಡಿಕೊಂಡು ಹೊರಟೆ. ಕೇಳಿಬಿಟ್ಟರೆ ಹೌದು ಎನ್ನುತ್ತೀರೇನೋ ಎಂಬ ಭಯವಿತ್ತು. ಹಾಗಾಗಿ ನೀವೊಬ್ಬರೇ ಬಚ್ಚಿಟ್ಟುಕೊಂಡವರಲ್ಲ.

ಹದಿನೈದನೇ ತಾರೀಕು ಭಾನುವಾರ ಬನ್ನಿ. ನನಗೆ ಬೆಳಿಗ್ಗೆ ಡ್ಯೂಟಿ ಇದೆ, ಇರುವುದಿಲ್ಲ. ಅದೇ ಒಳ್ಳೆಯದು. ಸುಜಿಯ ಮುಂದೆ ಕೂತು, ಪದ ಬದಲಾಯಿಸದೆ ಮಾತಾಡಿ. ಅವಳು ನಿಮ್ಮನ್ನು ನೋಡಲಿ.

ತನುಜ


ಶಿಡ್ಲಘಟ್ಟ
17 ಸೆಪ್ಟೆಂಬರ್ 2024

ತನುಜ,

ನೀನು ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ನನ್ನ ಬಸ್ಸಿನ ಹೊತ್ತಾಗಿತ್ತು, ಏನಾಯಿತು ಎಂದು ಪೂರ್ತಿ ಹೇಳಲಾಗಲಿಲ್ಲ. ಈಗ ಕೇಳು.

ಅತ್ತೆ ಸಂತೆಗೆ ಹೋಗಿದ್ದರು. ಸುಜಿ ನೆಲದ ಮೇಲೆ ಕೂತು ಬಳಪದಲ್ಲಿ ಗೀಚುತ್ತಿದ್ದಳು. ನಾನು ಎದುರಿಗೆ ಕೂತೆ. ಪರೀಕ್ಷೆಗೆ ಕೂತ ಹಾಗಿತ್ತು. ಐದು ವರ್ಷದ ಮಗುವಿನ ಮುಂದೆ.

"ಸುಜಿ, ಆವತ್ತು ಅಪ್ಪ ಎದ್ದು ಹೋಗಿದ್ದು ಕೋಪಕ್ಕಲ್ಲಮ್ಮ. ಅಪ್ಪಂಗೂ ಮಾತು ಸಿಕ್ಕಾಕ್ಕೊಳ್ತದೆ" ಎಂದೆ.

ಅವಳು ನಂಬಲಿಲ್ಲ. "ಸುಳ್ಳು. ಎಲ್ಲಿ, ಹೇಳು ನೋಡಣ."

"ತ" ಎಂದೆ. ನಿಂತಿತು. ಯಾವಾಗಲೂ ಆಗುವ ಹಾಗೆ ದವಡೆ ಗಟ್ಟಿಯಾಯಿತು, ಕುತ್ತಿಗೆ ಬಿಗಿಯಿತು. ಯಾವಾಗಲೂ ಆ ಕ್ಷಣದಲ್ಲಿ ಬೇರೆ ಪದಕ್ಕೆ ಹಾರುತ್ತೇನೆ. ಈ ಸಲ ಹಾರಲಿಲ್ಲ. "ತ ತ ತ ತ ತನುಜ" ಎಂದೆ. ಎಷ್ಟು ಹೊತ್ತಾಯಿತೋ. ಅವಳು ಬಳಪ ಕೆಳಗಿಟ್ಟು ನನ್ನ ಬಾಯನ್ನೇ ನೋಡುತ್ತಿದ್ದಳು. ನಗಲಿಲ್ಲ.

"ಅಮ್ಮನ ಹೆಸ್ರು ಅಷ್ಟುದ್ದಾನಾ?" ಎಂದು ಕೇಳಿದಳು.

ನನಗೇ ನಗು ಬಂತು. ಅವಳೂ ನಕ್ಕಳು. ಆಮೇಲೆ ಹತ್ತಿರ ಸರಿದು, ಗುಟ್ಟು ಹೇಳುವವಳ ಹಾಗೆ, "ನಂಗೆ ಅ ಮತ್ತೆ ಬ. ನಿಂಗೆ?" ಎಂದಳು. "ನಂಗೆ ತ, ಟ, ಒಂದೊಂದ್ಸಲ ದ" ಎಂದೆ. "ನಿಂದು ಮೂರು. ಜಾಸ್ತಿ" ಎಂದು ಪಾಪ ಎನ್ನುವಂತೆ ನೋಡಿದಳು. ಬಿದ್ದು ಮಂಡಿ ತರಚಿಕೊಂಡ ಗೆಳೆಯರು ಗಾಯ ತೋರಿಸಿಕೊಳ್ಳುವ ಹಾಗಿತ್ತು. ನಲವತ್ತು ವರ್ಷದಲ್ಲಿ ನಾನು ಈ ವಿಷಯ ಇನ್ನೊಬ್ಬರ ಜೊತೆ ಮಾತಾಡಿದ್ದು ಅದೇ ಮೊದಲು.

ಅಷ್ಟರಲ್ಲಿ ಅತ್ತೆ ಬಂದರು. ಚೀಲದಿಂದ ಬಜೆ ಬೇರು ತೆಗೆದು ಸಾಣೆಕಲ್ಲಿಗೆ ಕೈ ಹಾಕಿದರು. ನಾನು ಎದ್ದು, "ತ ತ ತೇಯಬೇಡಿ ಅತ್ತೆ" ಎಂದೆ. ಅವರು ಬೇರು ಹಿಡಿದುಕೊಂಡೇ ನನ್ನನ್ನು ನೋಡಿದರು. ಆಮೇಲೆ ಮಗನನ್ನು ಕರೆಯುವ ಹಾಗೆ "ಅಯ್ಯೋ ನಾಯ್ನಾ" ಎಂದಷ್ಟೇ ಹೇಳಿ ಅದನ್ನು ಡಬ್ಬಿಗೆ ಹಾಕಿ ಮುಚ್ಚಿಟ್ಟರು. ನನಗೆ ಎರಡು ಮುದ್ದೆ ಬಡಿಸಿದರು.

ಬಸ್ಸಿನಲ್ಲಿ ಕಂಡಕ್ಟರು ಬಂದಾಗ ಚಿಲ್ಲರೆ ಹಿಡಿದು ಸುಮ್ಮನೆ ಕೈ ಚಾಚುವುದು ನನ್ನ ರೂಢಿ. ಆವತ್ತು ಊರಿನ ಹೆಸರು ಬಾಯಿಬಿಟ್ಟು ಹೇಳಿದೆ. ತಡೆಯಲಿಲ್ಲ. ತಡೆದಿದ್ದರೂ ಹೇಳುತ್ತಿದ್ದೆ.

ಮುನೇಶ್


ಗೌರಿಬಿದನೂರು
20 ಅಕ್ಟೋಬರ್ 2024

ಮುನೇಶ್,

ಚಿಕ್ಕಬಳ್ಳಾಪುರಕ್ಕೆ ಮೂವರೂ ಹೋಗಿಬಂದ ಮೇಲೆ ಆ ಮೇಡಂ ಹೇಳಿದ್ದೇ ತಲೆಯಲ್ಲಿ ಸುತ್ತುತ್ತಿದೆ. "ನಿಧಾನವಾಗಿ ಹೇಳು ಅನ್ಬೇಡಿ. ಅವಳ ಪದ ನೀವು ಹೇಳ್ಬೇಡಿ. ಅವಳು ಮುಗಿಸೋತನಕ ಸುಮ್ನೆ ಕೇಳ್ತಾ ಇರಿ." ಇದು ಪೂರ್ತಿ ಹೋಗಬಹುದು, ಹೋಗದೆಯೂ ಇರಬಹುದು, ಎರಡಕ್ಕೂ ಅಂಜಬೇಡಿ ಎಂದರು. ಆಮೇಲೆ ನಿಮ್ಮ ಕಡೆ ತಿರುಗಿ, "ಇಷ್ಟು ವರ್ಷ ಬಚ್ಚಿಟ್ಟು ಸುಸ್ತಾಗಿಲ್ವಾ ಸಾರ್?" ಎಂದರಲ್ಲ, ನೀವು ತಲೆ ತಗ್ಗಿಸಿದಿರಿ. ನಿಮ್ಮ ಭುಜ ಇಳಿದದ್ದು ನಾನು ನೋಡಿದೆ.

ನನಗೂ ಒಂದು ಗೊತ್ತಾಯಿತು. ಬೇರೆಯವರ ಮಾತನ್ನು ಮುಗಿಸುವವಳು ನಾನು. ರೋಗಿಗಳದ್ದು, ಅಮ್ಮನದು, ಸುಜಿಯದು, ಎಲ್ಲರದ್ದೂ. ಮೊನ್ನೆ ಅಲೀಪುರದಿಂದ ಒಬ್ಬ ಅಜ್ಜಿ ಬಂದಿದ್ದರು. ನೋವು ಎಲ್ಲಿ ಎಂದು ಕೇಳಿ, ಅವರು ಬಾಯಿ ತೆರೆಯುವ ಮುಂಚೆ "ಹೊಟ್ಟೆನಾ? ಬೆನ್ನಾ?" ಎಂದು ಶುರುಮಾಡಿದೆ. ಆಮೇಲೆ ಬಾಯಿ ಮುಚ್ಚಿಕೊಂಡೆ. ಅವರು ನಿಧಾನವಾಗಿ, ಹೊಟ್ಟೆಯೂ ಅಲ್ಲ ಬೆನ್ನೂ ಅಲ್ಲ, ಎದೆಯ ಕೆಳಗೆ ಸಂಕಟ ಎಂದರು. ಇಸಿಜಿ ಮಾಡಿಸಿದೆವು. ಸಕಾಲಕ್ಕೆ ಬಂದಿದ್ದರು.

ಇನ್ನೊಂದು. ಹೇಳಲು ಮುಜುಗರ, ಆದರೆ ಇನ್ನು ಮುಚ್ಚಿಡುವುದಿಲ್ಲ. ನಾನು ಈಗಲೇ ವಾಪಸ್ಸು ಬರುವುದಿಲ್ಲ. ಇಲ್ಲಿ ನನಗೆ ಹಿಡಿಸಿದೆ. ಹೆರಿಗೆ ವಾರ್ಡಿನ ಉಸ್ತುವಾರಿ ಕೊಟ್ಟಿದ್ದಾರೆ. ಓಡಿಬಂದ ಊರು ಎಂದು ನಾಚಿಕೆಯಿತ್ತು, ಈಗ ಇದು ನಾನು ಕೆಲಸ ಮಾಡುವ ಊರು. ನೀವೇನು ಹೇಳುತ್ತೀರಿ?

ತನುಜ


ಶಿಡ್ಲಘಟ್ಟ
11 ನವೆಂಬರ್ 2024

ತನುಜ,

ನೀನು ಅಲ್ಲೇ ಇರುವುದಕ್ಕೆ ಸರಿ. ನಿನಗೆ ಹಿಡಿಸಿದ್ದರೆ ಸರಿ.

ದೀಪಾವಳಿ ರಜೆ ಮುಗಿದ ಮೇಲೆ ಹತ್ತನೇ ತರಗತಿಯಲ್ಲಿ ಹಾಜರಿಯನ್ನು ಹೆಸರಿನಿಂದ ಕರೆದೆ. ಮೊದಲೇ ಹೇಳಿದೆ, "ನನಗೆ ತೊದಲಿದೆ, ಕೆಲವು ಹೆಸರು ಹೊತ್ತು ಹಿಡಿಯುತ್ತವೆ, ಕಾಯಿರಿ." ಹಿಂದಿನ ಬೆಂಚಿನಲ್ಲಿ ಇಬ್ಬರು ನಕ್ಕರು. ಹದಿನೇಳನೆಯವಳು ತುಳಸಿ. ಸಿಕ್ಕಿಕೊಂಡೆ. ಅವಳು ಮಧ್ಯದಲ್ಲೇ "ಎಸ್ ಸಾರ್" ಎನ್ನಬಹುದಿತ್ತು, ಎನ್ನಲಿಲ್ಲ. ನಾನು ಪೂರ್ತಿ ಹೇಳುವವರೆಗೆ ಎದ್ದು ನಿಂತಿದ್ದು, ಆಮೇಲೆ "ಎಸ್ ಸಾರ್" ಎಂದಳು. ನಾಲ್ಕನೇ ದಿನಕ್ಕೆ ನಗುವವರು ಯಾರೂ ಇರಲಿಲ್ಲ, ನಕ್ಕು ನಕ್ಕು ಅವರಿಗೇ ಬೇಜಾರಾಗಿತ್ತು.

ಭಾನುವಾರ ಬರುತ್ತೇನೆ.

ಮುನೇಶ್


ಶಿಡ್ಲಘಟ್ಟ
9 ಡಿಸೆಂಬರ್ 2024, ಸೋಮವಾರ

ತನುಜ,

ನಿನ್ನೆ ಕೂಗಾಡಿದ್ದಕ್ಕೆ ಕ್ಷಮೆ ಕೇಳೋಣ ಎಂದು ಕೂತೆ. ಪೆನ್ನು ಹಿಡಿದರೆ ಆ ಮಾತು ಬರುತ್ತಿಲ್ಲ. ಬಂದರೆ ಸುಳ್ಳಾಗುತ್ತದೆ.

ಸುಜಿಯನ್ನು ಬರುವ ಜೂನಿಗೆ ಅಲ್ಲೇ ಒಂದನೇ ತರಗತಿಗೆ ಸೇರಿಸುತ್ತೇನೆ, ಫಾರಂ ತಂದಿದ್ದೇನೆ ಎಂದು ನೀನು ಹೇಳಿದೆ. ನಾನು ಎಂದಿನ ಹಾಗೆ ಸರಿ ಎನ್ನಲು ಬಾಯಿ ತೆರೆದೆ. "ಸ ಸ ಸ" ಎಂದು ನಿಂತುಹೋಯಿತು. ತನುಜ, ಸ ಅಕ್ಷರದಲ್ಲಿ ನಾನು ಹುಟ್ಟಿದಾಗಿನಿಂದ ತಡೆದವನಲ್ಲ. ಕೊನೆಗೆ ಬಂದದ್ದು "ಸರಿಯಿಲ್ಲ" ಎಂದು. ಅದು ಎಲ್ಲಿತ್ತೋ ನನಗೇ ಗೊತ್ತಿಲ್ಲ.

ಆಮೇಲೆ ಏನೇನು ಅಂದೆ ಎಂದು ನೆನಪಿದೆ. "ಒಂದ್ ಮಾತು ಕೇಳ್ದೆ ಹೊರಟೋದೆ ನೀನು. ಮ ಮಗೂನ ಕರ್ಕೊಂಡು ಹೋದೆ. ಬಸ್ ಸ್ಟ್ಯಾಂಡಲ್ಲಿ ನಿಂತ್ಕೊಂಡು ನಾನು ಸರಿ ಅಂದೆ. ನಂಗೆ ಹೊ ಹೊಟ್ಟೆ ಉರಿದೋಗಿತ್ತು ತ ತ ತನುಜ" ಎಂದೆ. ನೀನು ನಡುವೆ ಬಾಯಿ ಹಾಕಲು ಬಂದೆ. ಸುಜಿ ಸೊಂಟದ ಮೇಲೆ ಕೈ ಇಟ್ಟು, "ಅಮ್ಮ, ಅಪ್ಪ ಇನ್ನೂ ಮುಗಿಸಿಲ್ಲ" ಎಂದಳು. ಪಕ್ಕದ ಮನೆಯ ವೆಂಕಟರತ್ನಮ್ಮ ಕಾಂಪೌಂಡಿನ ಮೇಲಿಂದ ಇಣುಕಿದ್ದೂ ಕಂಡಿತು. ಕಾಣಲಿ ಎಂದು ಇನ್ನಷ್ಟು ಕೂಗಿದೆ.

ಬಸ್ಸಿನಲ್ಲಿ ಮಂಚೇನಹಳ್ಳಿ ದಾಟಿದ ಮೇಲೆ ಯೋಚಿಸಿದೆ. ಆರು ತಿಂಗಳಿಂದ ನನಗೆ ಕೋಪವಿತ್ತು. ಇರುವುದೇ ನನಗೆ ಗೊತ್ತಿರಲಿಲ್ಲ. ಬಾಯಲ್ಲಿ ಬರದ ಪದ ಬಿಡುತ್ತ ಬಿಡುತ್ತ, ಹೇಳಲಾಗದ್ದನ್ನು ಮನಸ್ಸಿಗೆ ತಂದುಕೊಳ್ಳುವುದನ್ನೂ ಬಿಟ್ಟಿದ್ದೆ. ಸರಿ ಎಂಬುದು ಸುಲಭದ ಪದ ಎಂದು ಎಲ್ಲದಕ್ಕೂ ಸರಿ ಎನ್ನುತ್ತಿದ್ದೆ. ನೀನು ಅದನ್ನು ಉದಾಸೀನ ಎಂದುಕೊಂಡೆ, ನಾನು ಅದನ್ನು ಒಳ್ಳೆಯತನ ಎಂದುಕೊಂಡೆ. ಎರಡೂ ಆಗಿರಲಿಲ್ಲ.

ಇಷ್ಟು ತಿಳಿದ ಮೇಲೆ ಎದೆ ಹಗುರಾಯಿತು. ಕಿಟಕಿಗೆ ತಲೆ ಆನಿಸಿ ಚಿಕ್ಕಬಳ್ಳಾಪುರದ ತನಕ ಹಾಯಾಗಿ ನಿದ್ದೆ ಮಾಡಿದೆ. ಕಂಡಕ್ಟರು ಅಲುಗಾಡಿಸಿ ಎಬ್ಬಿಸಬೇಕಾಯಿತು.

ನೀನು ನೊಂದಿದ್ದೀಯೋ ಏನೋ. ಬರೆ.

ಮುನೇಶ್


ಗೌರಿಬಿದನೂರು
12 ಡಿಸೆಂಬರ್ 2024

ರೀ,

ನೊಂದುಕೊಂಡಿಲ್ಲ. ನೀವು ಹೋದ ಮೇಲೆ ಗೋಡೆಗೆ ಒರಗಿ ಕೂತೆ. ಅಮ್ಮ ನೀರು ತಂದು ಕೊಟ್ಟು, "ಹೆಂಗಿದೀಯೇ?" ಎಂದು ಗಾಬರಿಯಿಂದ ಕೇಳಿದಳು. ಚೆನ್ನಾಗಿದ್ದೀನಿ ಎಂದೆ, ನಿಜವಾಗಿಯೂ ಚೆನ್ನಾಗಿದ್ದೆ. ನನ್ನನ್ನು ಕಳೆದುಕೊಂಡು ಒಬ್ಬರಿಗೆ ಹೊಟ್ಟೆ ಉರಿದಿತ್ತು ಎಂದು ತಿಳಿಯಲು ಹತ್ತು ವರ್ಷ ಬೇಕಾಯಿತು.

ವೆಂಕಟರತ್ನಮ್ಮನಿಗೆ ಮಾತ್ರ ಸಮಾಧಾನವಿಲ್ಲ. "ನಿಮ್ಮ ಯಜಮಾನ್ರು ಬಲು ಸಾಧು ಅಂದ್ಕೊಂಡಿದ್ದೆ" ಎಂದರು. ನಾನೂ ಹಾಗೇ ಅಂದುಕೊಂಡಿದ್ದೆ ಎಂದೆ.

ಫಾರಂ ಇನ್ನೂ ಮೇಜಿನ ಮೇಲೇ ಇದೆ, ತುಂಬಿಲ್ಲ. ಅಲ್ಲೋ ಇಲ್ಲೋ, ನೀವೇ ಈ ಕಡೆಗೆ ವರ್ಗ ಕೇಳುತ್ತೀರೋ, ಕೂತು ಮಾತಾಡೋಣ. ನಿಮಗೆ ಎಷ್ಟು ಹೊತ್ತು ಹಿಡಿದರೂ ಹಿಡಿಯಲಿ.

ಆದರೆ ಒಂದು. ನೀವು ನಿಮ್ಮದೆಲ್ಲ ಹೇಳಿ ಐದರ ಬಸ್ಸಿಗೆ ಹೊರಟುಬಿಟ್ಟಿರಿ. ನನ್ನದು ಶುರುವೇ ಆಗಿಲ್ಲ. ಭಾನುವಾರ ನನಗೆ ರಜೆ. ಅವರೆಕಾಯಿ ತಂದಿಟ್ಟಿರುತ್ತೇನೆ, ಸುಲಿಯುತ್ತ ಕೇಳುವಿರಂತೆ. ಮೊದಲನೇ ಬಸ್ಸಿಗೇ ಬನ್ನಿ, ನನ್ನ ಜಗಳ ಉದ್ದ ಇದೆ.

ನಿಮ್ಮ
ತನುಜ